ತೋಯಿಸಿದರೆ ಕಾಣುತ್ತದೆ

ಎಸ್ಕಲಾಂಟೆಯಲ್ಲಿ ಬೆಳಗಿನ ಆರೂವರೆ.
ಪೆಟ್ರೋಲ್ ಬಂಕಿನ ಎದುರು ಬಿಳಿ ವ್ಯಾನು,
ನಾವು ಎಂಟು ಜನ, ತಲೆಗೆ ಮೂರು ಲೀಟರ್ ನೀರು.
ಆರ್ಡಿತ್ ಒಬ್ಬೊಬ್ಬರ ಬಾಟಲಿ ಅಲುಗಿಸಿ ನೋಡುತ್ತಾಳೆ
ತೆಂಗಿನಕಾಯಿ ಕೊಳ್ಳುವವಳ ಹಾಗೆ.
ಅರವತ್ತೆಂಟು ವರ್ಷ, ಎಡ ಮೊಣಕಾಲಿಗೆ ಪಟ್ಟಿ,
ಈ ಊರಲ್ಲೇ ಹುಟ್ಟಿ, ಶಾಲೆಯ ಬಸ್ಸು ಓಡಿಸಿ,
ಈಗ ಕಲ್ಲು ತೋರಿಸುತ್ತಾಳೆ.
"ಸೀಟು ಹೊಸದು" ಎಂದಳು. ಮೊದಲ ಮಾತೇ ಅದು.

ಡಾಂಬರು ಮುಗಿದ ಮೇಲೆ ರಸ್ತೆಗೆ ರೊಟ್ಟಿ ಬಡಿಯುವ ಸದ್ದು.
ಹಲ್ಲು ಕಟಕಟ. ನನ್ನ ಕಸುಬೇ ಹಲ್ಲು:
ಸೇಂಟ್ ಜಾರ್ಜಿನ ಲ್ಯಾಬಿನಲ್ಲಿ, ಕಾಣದ ಬಾಯಿಗಳ
ಅಚ್ಚಿಗೆ ಪ್ಲಾಸ್ಟರ್ ಸುರಿಯುವವಳು.
ಯಾರು ಕಚ್ಚಿದರೋ ಗೊತ್ತಿಲ್ಲ,
ಕಚ್ಚಿದ್ದು ಮಾತ್ರ ಗೊತ್ತು.

ಮೊದಲು ಮರ. ಬಿದ್ದ ಮರ, ಕಲ್ಲಾದ ಮರ.
ತೊಗಟೆ ಇದೆ, ಗಂಟು ಇದೆ, ಹುಳ ಕೊರೆದ ತೂತೂ ಇದೆ,
ಎತ್ತಲು ಹೋದರೆ ಬೀಸುಕಲ್ಲಿನ ಭಾರ.
"ಜೇಬು" ಎಂದಳು ಆರ್ಡಿತ್, ಎಲ್ಲರ ಮೇಲೂ ಕಣ್ಣು ಹಾಯಿಸಿ.
ಕದ್ದವರು ವರ್ಷಗಳಾದ ಮೇಲೆ ಅಂಚೆಯಲ್ಲಿ ವಾಪಸು ಕಳಿಸುತ್ತಾರಂತೆ,
ಜೊತೆಗೊಂದು ಚೀಟಿ:
ಕಾರು ಕೆಟ್ಟಿತು, ಮದುವೆ ಮುರಿಯಿತು, ಕ್ಷಮಿಸಿ.
ಲೀಡ್ಸ್‌ನಿಂದ ಬಂದವನು ಜೋರಾಗಿ ನಕ್ಕ.
ಆಮೇಲೆ, ನಾನು ನೋಡುತ್ತಿಲ್ಲವೆಂದುಕೊಂಡು,
ಏನನ್ನೋ ಮೆಲ್ಲಗೆ ನೆಲಕ್ಕೆ ಬಿಟ್ಟ.

ಹನ್ನೊಂದು ಗಂಟೆ. ಬೋಳು ಬಂಡೆಯ ಇಳಿಜಾರು.
"ಇಲ್ಲೇ ನಡೆದು ಹೋಗಿವೆ."
ನೋಡಿದೆವು. ಏನೂ ಇಲ್ಲ.
ಬಿಸಿಲು ನೆತ್ತಿಗೇರಿದರೆ ನೆರಳು ಸಾಯುತ್ತದೆ,
ನೆರಳಿಲ್ಲದ ಗುಂಡಿ ಗುಂಡಿಯೇ ಅಲ್ಲ.
ಕಿಂಬಲ್, ಏಳು ವರ್ಷದವನು,
ದುಡ್ಡು ವಾಪಸು ಕೇಳುವ ಮುಖ ಮಾಡಿಕೊಂಡು ನಿಂತ.
ಆರ್ಡಿತ್ ಮುಚ್ಚಳ ತಿರುಗಿಸಿ, ಬಗ್ಗಿ, ನೀರು ಸುರಿದಳು.
ಹರಿಯಲಿಲ್ಲ ಅದು. ತಡವರಿಸಿ, ನಿಂತಿತು:
ಮೂರು ಬೆರಳು. ಒಂದು ಹಿಮ್ಮಡಿ.

ಅಪ್ಪ ಶಹಾಬಾದಿನ ಖಣಿಯಲ್ಲಿ ಫರಸಿ ಆರಿಸುತ್ತಿದ್ದ,
ಹಾಸಿಗೊಂದು ಚೊಂಬು ನೀರು ಚೆಲ್ಲಿ.
"ಒಣಾ ಕಲ್ಲು ಏನೂ ಹೇಳಂಗಿಲ್ಲವ್ವಾ,
ತೋಯ್ಸಿ ನೋಡು, ಸೀಳು ತಾನೇ ಬಾಯಿ ಬಿಡತದ."
ಸೀಳು ಕಂಡಿದ್ದೇನೆ, ಎಳೆ ಕಂಡಿದ್ದೇನೆ, ಪಾದ ಕಂಡಿರಲಿಲ್ಲ.
ನಮ್ಮ ಫರಸಿ, ಎಲ್ಲೋ ಓದಿದ್ದು,
ಕಾಲೆಂಬುದು ಹುಟ್ಟುವ ಮೊದಲೇ ಕೂತ ಕೆಸರು.

ಎರಡನೆಯ ಹೆಜ್ಜೆಗೆ ಲೀಡ್ಸ್‌ನವನ ನೀರು,
ಧಾರಾಳ, ಪ್ರಾಯಶ್ಚಿತ್ತದ ಹಾಗೆ.
ಐದನೆಯದು ನನ್ನ ಪಾಳಿ. ಲೆಕ್ಕ ಹಾಕಿದೆ:
ಜಲಪಾತಕ್ಕೆ ಮೂರು ಮೈಲಿ, ಮರಳಿ ಮೂರು,
ಜಿಪುಣಿ ಅಂದರೆ ಅನ್ನಲಿ.
ಹಿಮ್ಮಡಿಯಷ್ಟೇ ತೋಯಿಸಿ ಮುಚ್ಚಳ ಬಿಗಿದೆ.
ಉಳಿದ ಬೆರಳುಗಳಿಗೆ ಕಿಂಬಲ್ ಉಗುಳಿದ.
ಆರ್ಡಿತ್ ಬೈಯಲಿಲ್ಲ.
ಎಂಟನೆಯದು ಏಳುವಷ್ಟರಲ್ಲಿ ಮೊದಲನೆಯದು ಹೋಗಿತ್ತು.

ಕಣಿವೆಯಲ್ಲಿ ಮರಳು, ಒಂದು ಹೆಜ್ಜೆಗೆ ಅರ್ಧ ಹೆಜ್ಜೆ ಹಿಂದಕ್ಕೆ.
ಎದುರು ಗೋಡೆಯಲ್ಲಿ ಕೆಮ್ಮಣ್ಣಿನ ಮೂವರು
ಯಾರಿಗೋ ಕಾಯುತ್ತ ನಿಂತಿದ್ದಾರೆ.
ಮೊದಲು ಗಾಳಿ ಅಂದುಕೊಂಡೆ.
ತಿರುಗಿದರೆ ನೀರು,
ನೂರಡಿಗೂ ಮೇಲಿಂದ, ಅವಸರವೇ ಇಲ್ಲದೆ,
ಹಸಿರು ಕಪ್ಪು ತುಕ್ಕು ಬಳಿದ ಬಂಡೆಗೆ ಬೆನ್ನು ಉಜ್ಜಿಕೊಂಡು.

"ಅವು ಇಲ್ಲಿ ಕುಡೀತಿದ್ವಾ?"
"ಇಲ್ಲ. ಆಗ ಈ ಗೋಡೆ ಬರೀ ಮರಳ ದಿಬ್ಬ.
ಈಗ ಮಳೆ ಅದರೊಳಗೆ ಇಳಿಯುತ್ತೆ, ದಾರಿ ಹುಡುಕುತ್ತೆ, ಇಲ್ಲಿ ಸಿಗುತ್ತೆ."
"ಯಾವತ್ತಿನ ಮಳೆ?"
"ನಾನು ಹುಟ್ಟೋಕೂ ಮೊದಲಿಂದು."
"ನೀನು ಯಾವಾಗ ಹುಟ್ಟಿದ್ದು?"
ಪಟ್ಟಿ ಬಿಚ್ಚಿಟ್ಟು ಅವಳು ನೀರಿಗಿಳಿದಳು.

ಹಿಂದೆಯೇ ನಾನು. ಮತ್ತೆ ಹಲ್ಲು ಕಟಕಟ.
ಬೆಳಗ್ಗೆ ತೊಟ್ಟು ಎಣಿಸಿದವಳ ನೆತ್ತಿಯ ಮೇಲೆ
ಯಾರೂ ಅಳೆಯದ ನೀರು.
ಏನಾದರೂ ಅನ್ನಿಸಬೇಕಿತ್ತು. ಚಳಿ ಅನ್ನಿಸಿತು.

ಸಂಜೆ, ವ್ಯಾನಿನ ಪಕ್ಕದ ತೊರೆಯಲ್ಲಿ ಮರಳು ತೊಳೆದು
ಬಿಸಿ ಬಂಡೆಯ ಮೇಲೆ ಸಾಲಾಗಿ ನಿಂತೆವು, ಬರಿಗಾಲಲ್ಲಿ.
ಸೀಟು ಹೊಸದು, ಒಣಗದೆ ಹತ್ತುವ ಹಾಗಿಲ್ಲ.
ಕಿಂಬಲ್ ಪಂದ್ಯ ಕಟ್ಟಿದ: ಯಾರ ಹೆಜ್ಜೆ ಹೆಚ್ಚು ಹೊತ್ತು?
ಕೂಗಿ ಕೂಗಿ ಎಣಿಸಿದ.
ಲೀಡ್ಸ್ ಒಂಬತ್ತು. ಆರ್ಡಿತ್ ಹನ್ನೊಂದು.
ನನ್ನ ಹಿಮ್ಮಡಿ, ಬಿರುಕಿನಲ್ಲಿ ಒಂದಿಷ್ಟು ತೇವ ಹಿಡಿದು,
ಹದಿನಾಲ್ಕು.
ನಾನೇ ಗೆದ್ದೆ.