ಮೂರನೇ ಗೇಟಿನ ಗಾಳಿ

ಬೆಳಿಗ್ಗೆ ಆರಕ್ಕೆ ಡೊಂಬಿವಲಿಯ ಎಂಐಡಿಸಿ ರಸ್ತೆಯಲ್ಲಿ
ಘರತ್ ವ್ಯಾನು ನಿಲ್ಲಿಸುತ್ತಾನೆ, ನಾನು
ಉಕ್ಕಿನ ಗುಂಡು ಇಳಿಸುತ್ತೇನೆ.
ಕುಂಬಳಕಾಯಿಯಷ್ಟು ಗಾತ್ರ, ಒಳಗೆ ಏನೂ ಇಲ್ಲ.
ಏನೂ ಇಲ್ಲ ಅಂದರೆ ನಿಜಕ್ಕೂ ಏನೂ ಇಲ್ಲ:
ಲ್ಯಾಬಿನಲ್ಲಿ ಇಡೀ ರಾತ್ರಿ ಪಂಪು ಹಚ್ಚಿ
ಇದ್ದುದನ್ನೆಲ್ಲ ಹೀರಿ ತೆಗೆದ ಖಾಲಿ.
ಕೀಲಿ ಅರ್ಧ ಸುತ್ತು ತಿರುಗಿಸಿದರೆ ಸಾಕು,
ಏಕಾದಶಿ ಮುರಿದವರ ಹಾಗೆ
ಸುಯ್ಯೆಂದು ಎಳೆದುಕೊಳ್ಳುತ್ತದೆ.

ಹಾಲಿನ ಕ್ಯಾನಾ ತಾಯಿ, ಎಂದ ಚಹಾದಂಗಡಿಯವನು.
ಗಾಳಿ, ಅಂದೆ.
ಗಾಳಿ ಹೊರುವುದಕ್ಕೂ ಸಂಬಳ ಕೊಡುತ್ತಾರೇನು
ಎಂದು ನಕ್ಕ. ನಗಲಿ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವರ ಗಾದೆ
ನನಗೂ ಗೊತ್ತು, ನನ್ನ ಭುಜಕ್ಕಂತೂ ಚೆನ್ನಾಗಿ ಗೊತ್ತು.

ನಾವು ಹುಡುಕುವುದಕ್ಕೆ ಚಿಮಣಿಯಿಲ್ಲ.
ಓಝೋನನ್ನು ಯಾರೂ ಬಿಡುವುದಿಲ್ಲ.
ಬಣ್ಣದ ಕಾರ್ಖಾನೆಯನ್ನು ಕೇಳಿ: ನಮ್ಮದಲ್ಲ.
ಅಂಟಿನ ಕಾರ್ಖಾನೆ: ನಮ್ಮದಲ್ಲ.
ಶೀಳಫಾಟಾದ ಲಾರಿಗಳು: ನಮ್ಮದಂತೂ ಅಲ್ಲವೇ ಅಲ್ಲ.
ಎಲ್ಲರೂ ಹೇಳುವುದು ನಿಜವೇ.
ಇವರ ಆವಿ, ಅವರ ಹೊಗೆ, ಮೇಲೆ ಮಟಮಟ ಮಧ್ಯಾಹ್ನ.
ಬಿಸಿಲಿಗೆ ನೋಟಿಸು ಕಳಿಸುವವರಾರು?

ಹನ್ನೊಂದಕ್ಕೆ ಖಾಡಿಯ ಕಡೆಯಿಂದ ಗಾಳಿ ಏಳುತ್ತದೆ.
ಗಾಳಿ ಬಂದಾಗ ತೂರಿಕೋ ಅಂದರು ಹಿರಿಯರು,
ಅವರು ಜೋಳದ ರಾಶಿ ನೋಡಿ ಅಂದದ್ದು.
ಮೂರು ಗಂಟೆಯ ಹೊತ್ತಿಗೆ ಅದು
ಬದಲಾಪುರ ದಾಟಿ, ಒಂದು ಕಾರ್ಖಾನೆಯೂ ಇಲ್ಲದ ಊರಲ್ಲಿ
ಇಳಿದಿರುತ್ತದೆ.

ಅಲ್ಲಿ ಹಿರಾಬಾಯಿ ಭೋಯಿರ್
ಪಾಲಕದ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು
ಒಂದೆಲೆ ಕಿತ್ತು ನನ್ನ ಅಂಗೈಮೇಲಿಟ್ಟಳು.
ನರಗಳು ಹಸಿರು. ನರಗಳ ನಡುವೆ ಕಂದು ಚುಕ್ಕೆ,
ಯಾರೋ ಸೂಜಿ ಕಾಯಿಸಿ ಚುಚ್ಚಿದ ಹಾಗೆ.
ಹುಳವಿಲ್ಲ. ಔಷಧಿ ಹೊಡೆದೂ ಆಯಿತು, ಎರಡು ಸಲ.
ಎಲ್ಲಿಂದ ಬಂತು ಇದು, ಅಂದಳು.
ನನ್ನ ಮೂರು ವರ್ಷದ ಕೆಲಸವನ್ನು ಯಾರೂ
ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.
ಎಲೆಯನ್ನು ಲಾಗ್‌ಬುಕ್ಕಿನ ನಡುವೆ ಇಟ್ಟುಕೊಂಡೆ.

ಲ್ಯಾಬಿನ ಯಂತ್ರ ಒಂದು ಗುಟುಕು ಗಾಳಿಯನ್ನು
ಸಿಕ್ಕುಗಟ್ಟಿದ ಜಡೆಯಂತೆ ಎಳೆಯೆಳೆಯಾಗಿ ಬಿಡಿಸುತ್ತದೆ.
ಬೆಂಜೀನ್, ಟಾಲೀನ್ ಜೊತೆಜೊತೆಗೆ ಎದ್ದರೆ ಗಾಡಿಹೊಗೆ.
ಟಾಲೀನ್ ಒಂದೇ ಎತ್ತರಕ್ಕೆ ಎದ್ದರೆ
ಅದು ರಸ್ತೆಯದಲ್ಲ, ಯಾರದೋ ತೆರೆದ ಡಬ್ಬಿಯದು.
ಮೂರನೇ ಗೇಟು: ಒಂಬತ್ತು ಪಟ್ಟು.

ಥಿನ್ನರು, ಅಂದರು ಕೆಳುಸ್ಕರ್ ಮೇಡಂ,
ಪ್ರಿಂಟಿಂಗ್ ಪ್ರೆಸ್ಸಿರಬೇಕು, ಹುಡುಕು.
ಹುಡುಕಬೇಕಿರಲಿಲ್ಲ.
ಗೇಟಿನ ಹಿಂದಿನ ಓಣಿ, ತಗಡಿನ ಶೆಡ್ಡು,
ಗದಗಿನಿಂದ ಬಂದ ಮಷೀನ್‌ಮನ್ ಗುರುಲಿಂಗಪ್ಪ
ಇಪ್ಪತ್ತೆರಡು ವರ್ಷ ರೋಲರು ಒರೆಸಿದ ಜಾಗ,
ಬರಿಗೈಯಲ್ಲಿ, ಚಿಂದಿ ಅದ್ದಿ ಅದ್ದಿ.
ರಾತ್ರಿ ಅವನು ಬಾಗಿಲು ಬಡಿಯುವ ಮೊದಲೇ
ವಾಸನೆ ಒಳಗೆ ಬಂದಿರುತ್ತಿತ್ತು,
ಸಿಹಿಸಿಹಿ, ತುಸು ತಲೆ ತಿರುಗಿಸುವಂಥದ್ದು.
ಅಪ್ಪ ಬಂದ ಎಂದು ಪುಸ್ತಕ ಮುಚ್ಚುತ್ತಿದ್ದೆ.
ಯಾರದೋ ಮದುವೆ ಕಾರ್ಡಿನ ಬಂಗಾರದ ಪುಡಿ ಅವನ ಹುಬ್ಬಿನಲ್ಲಿ.
ಊಟ ಆತೇನವಾ, ಅನ್ನುವನು. ನಾನು ಅವನ ಅಂಗಿಗೆ ಮುಖವೊತ್ತಿ
ಉದ್ದಕ್ಕೆ ಉಸಿರೆಳೆಯುವೆನು,
ಕೀಲಿ ತೆರೆದ ಗುಂಡಿನ ಹಾಗೆ.

ವರದಿಯಲ್ಲಿ ಒಂದು ಕಾಲಂ ಇದೆ: ಮೂಲ.
ಬಣ್ಣದ ಕಾರ್ಖಾನೆಗೆ ವಕೀಲರಿದ್ದಾರೆ.
ಪ್ರೆಸ್ಸಿಗೆ ಇರುವುದು ಹನ್ನೊಂದು ಜನ, ಒಂದು ಫ್ಯಾನು.
ಬರೆದೆ. ಒಂಬತ್ತು ಎಂದೇ ಬರೆದೆ, ಎಂಟು ಅನ್ನಲಿಲ್ಲ.
ಉಳಿದ ಗೇಟುಗಳ ಅಂಕಿಯನ್ನೂ, ಅವು ಕಮ್ಮಿಯೇನಲ್ಲ,
ಅದೇ ದಪ್ಪ ಶಾಯಿಯಲ್ಲಿ.

ಮರುದಿನ ಗುಂಡಿಲ್ಲದೆ ಹೋದೆ.
ಅಪ್ಪನ ಮಷೀನಿನ ಮುಂದೆ ನಾಂದೇಡಿನ ಹುಡುಗ,
ಮೊಣಕೈವರೆಗೆ ನೀಲಿ.
ಡಬ್ಬಿಗೆ ಮುಚ್ಚಳ ಹಾಕು ಮಾರಾಯ, ಅಂದೆ.
ಮುಚ್ಚಳ ಎಲ್ಲಿದೆಯೆಂದು ಅವನಿಗೂ ಗೊತ್ತಿರಲಿಲ್ಲ.
ಕಾಗದದ ರೀಮುಗಳ ಹಿಂದೆ, ಮೇಜಿನ ಕೆಳಗೆ,
ಇಬ್ಬರೂ ಮಂಡಿಯೂರಿ ಹುಡುಕುತ್ತ ಹೋದೆವು.