ಮೂವತ್ತಾರು ಹೆಜ್ಜೆ

ಮಡಿಕೇರಿ ಕೋಟೆಯ ಅರಮನೆಯಲ್ಲಿ
ಕೋರ್ಟಿನ ಬಾಗಿಲಿಂದ ಸಾಹೇಬರ ಕಚೇರಿ ಬಾಗಿಲಿಗೆ
ಮೂವತ್ತಾರು ಹೆಜ್ಜೆ.
ನಾನು ಅಮೀನ. ಇಪ್ಪತ್ತೆಂಟು ವರ್ಷ ಅಳೆದಿದ್ದೇನೆ.
ಚಪ್ಪಲಿ ಹೊಸದಾದರೆ ಮೂವತ್ತೈದು.

ಮಾಡು ಒಂದೇ.
ರಾಜ ಕಟ್ಟಿಸಿದ್ದು, ತನಗೊಬ್ಬನಿಗೆ.
ಕಟ್ಟಳೆ ನುಡಿಯುವ ಬಾಯಿ, ದೂರು ಕೇಳುವ ಕಿವಿ,
ಕತ್ತಿ ಹಿಡಿದ ಕೈ
ಮೂರೂ ಒಂದೇ ಮೈಗೆ ಅಂಟಿದ್ದಾಗ
ನಡೆಯಲು ಪಡಸಾಲೆ ಬೇಕಿರಲಿಲ್ಲ.
ಒಳಗೆ ಹುಬ್ಬು ಏರಿದರೆ
ಹೊರಗೆ ಯಾರದೋ ತಲೆ ಇಳಿಯುತ್ತಿತ್ತು.

ನಡು ಹಜಾರದಲ್ಲಿ ಒಂದು ಸೋರಿಕೆ.
ಎಂಜಿನಿಯರು ಏಣಿ ಹಾಕಿ ನೋಡಿ ಬರೆದ:
ಅರ್ಧ ತೊಟ್ಟು ನ್ಯಾಯಾಂಗಕ್ಕೆ, ಅರ್ಧ ಕಾರ್ಯಾಂಗಕ್ಕೆ.
ಹೆಂಚಿಗೆ ಹಣ ಕೊಡಬೇಕಾದ ಶಾಸಕಾಂಗ
ಐವತ್ತಾರರಲ್ಲೇ ಗಂಟುಮೂಟೆ ಕಟ್ಟಿ ಬೆಂಗಳೂರು ಸೇರಿತ್ತು.
ನನ್ನಪ್ಪ ಅಲ್ಲಿ ಚಹಾ ಕೊಡುತ್ತಿದ್ದವನು:
ಇಪ್ಪತ್ತನಾಲ್ಕು ಲೋಟ,
ಸಕ್ಕರೆ ಸಾಲದೆನ್ನುವವರೆಲ್ಲ ವಿರೋಧ ಪಕ್ಷ.

ಪತ್ರ ಹೋಯಿತು, ಪತ್ರ ಬಂತು.
ಬಕೆಟ್ ಇಟ್ಟವನು ನಾನು,
ತುಂಬಿದರೆ ಚೆಲ್ಲುವವನು ಅವರ ಜವಾನ ಮೊಯಿದು.
ಅದು ನಮ್ಮಿಬ್ಬರ ಸಂವಿಧಾನ,
ಎಲ್ಲೂ ಬರೆದದ್ದಲ್ಲ.

ಎಂಬತ್ತಮೂರರ ಕಕ್ಕಡ.
ಅಂಗಳದ ಗಾರೆಯಾನೆಗಳ ಮುಂದೆ ಜೀಪು,
ಎಂಜಿನು ಆರಿಸಿಲ್ಲ.
ಹಿಂದೆ ಹಾರೆ, ಗುದ್ದಲಿ, ಇಬ್ಬರು ಪೊಲೀಸರು.
ಪೈಸಾರಿಯಲ್ಲಿ ಗುಡಿಸಲು ಹಾಕಿದ ಎರವರ ಬೊಳ್ಳಿಯ ಮೇಲೆ
ಸಾಹೇಬರ ಆದೇಶ: ಇವತ್ತೇ, ಹನ್ನೆರಡರೊಳಗೆ.
ಬೊಳ್ಳಿ ಕೋರ್ಟಿನ ಮೆಟ್ಟಿಲಲ್ಲಿ ಕೂತಿದ್ದಾಳೆ,
ಬಾಯ್ತುಂಬ ಎಲೆಯಡಿಕೆ,
ಉಗುಳಲು ಜಾಗ ಕಾಣದೆ.

ಮುನ್ಸೀಫರು ಸಹಿ ಹಾಕಿ, ಶಾಯಿಯ ಮೇಲೆ ಊದಿ
ನನ್ನ ಕೈಗಿತ್ತರು.
ಪುಟದ ತುಂಬ ಇಂಗ್ಲಿಷು, ತಿರುಳು ಎರಡೇ ಅಕ್ಷರ: ತಡೆ.

ಓಡಬಹುದಿತ್ತು.
ಓಡಿದರೆ ಕೋರ್ಟು ಹೆದರಿದ ಹಾಗೆ,
ನಡೆದರೆ ಗುಡಿಸಲು ಬಿದ್ದ ಹಾಗೆ.
ನಡುವೆ ಇನ್ನೊಂದು ನಡಿಗೆ ಇದೆ,
ಅದನ್ನು ಯಾವ ಕೈಪಿಡಿಯೂ ಕಲಿಸುವುದಿಲ್ಲ.
ಹದಿನೆಂಟನೆಯ ಹೆಜ್ಜೆಗೆ ಬಕೆಟ್.
ತೊಟ್ಟು ಬಿತ್ತು, ಅದರೊಳಗೆ ನನ್ನ ಮುಖ ಒಡೆಯಿತು.

ಆ ತುದಿಯಲ್ಲಿ ಗುಮಾಸ್ತ: ಟಪಾಲು ಹನ್ನೊಂದೂವರೆಗೆ.
ನಾನೆಂದೆ: ಟಪಾಲಲ್ಲ ಸ್ವಾಮಿ, ಶಾಯಿ ಇನ್ನೂ ಹಸಿ.
ಸಾಹೇಬರು ಕನ್ನಡಕ ಏರಿಸಿ ಓದಿದರು,
ಮತ್ತೆ ಓದಿದರು.
ಸಿಟ್ಟು ಬಂದದ್ದು ಕಂಡೆ,
ಕತ್ತಿನ ನರ ಹಿಡಿದು ಹುಬ್ಬಿನ ತನಕ ಏರಿತು.
ಅಲ್ಲಿಂದ ಮುಂದೆ ಅದಕ್ಕೆ ದಾರಿಯಿರಲಿಲ್ಲ.
ತಲುಪಿತೆಂದು ಸಹಿ ಹಾಕಿ
ಹೊತ್ತನ್ನೂ ಬರೆದರು: ಹನ್ನೊಂದು ಇಪ್ಪತ್ತು.

ಮೊಯಿದು ಹೋಗಿ ಜೀಪಿನ ಬಾನೆಟ್ಟಿಗೆ ಎರಡು ಸಲ ತಟ್ಟಿದ.
ಎಂಜಿನು ಆರಿತು.
ಆಗಲೇ ಗೊತ್ತಾದದ್ದು ಮಳೆಯ ಸದ್ದು ಎಷ್ಟೆಂದು.

ಬೊಳ್ಳಿ ಕೇಳಿದಳು, ಎಲೆಯಡಿಕೆಯ ಸಂದಿಯಿಂದ:
ದೊರೆ ಯಾವ ಕೋಣೆಯಲ್ಲಿರೋದು?
ಆ ಕೋಣೆ ನೋಡಿದೆ, ಈ ಕೋಣೆ ನೋಡಿದೆ.
ಆರು ವಾರ ಎಂದೆ,
ಆರು ವಾರ ನಿನ್ನ ಗುಡಿಸಲು ಯಾರೂ ಮುಟ್ಟೋ ಹಾಗಿಲ್ಲ.
ಅವಳು ಇಳಿದು, ಕಲ್ಲಾಮೆಯನ್ನು ಬಳಸಿ ಹೋಗಿ
ಗೋಡೆಯಾಚೆ ಉಗಿದಳು.

ಏಳನೆಯ ವಾರದ್ದು ಕೇಳಬೇಡಿ.
ಅದು ಬೇರೆ ಕಾಗದ, ಆ ದಿನ ನಾನು ರಜೆಯಲ್ಲಿದ್ದೆ.

ಈಗ ಕೋರ್ಟು ಒಂದು ಗುಡ್ಡಕ್ಕೆ, ಕಚೇರಿ ಒಂದು ಗುಡ್ಡಕ್ಕೆ.
ಕಾಗದ ಫೋನಿನಲ್ಲೇ ಹೋಗುತ್ತದಂತೆ,
ಕಾಲಿನ ಖರ್ಚಿಲ್ಲದೆ.
ಮೊನ್ನೆ ಕೋಟೆಗೆ ಹೋದೆ. ಕಾವಲಿನ ಹುಡುಗನನ್ನು ಕೇಳಿ
ಈ ಬಾಗಿಲಿಂದ ಆ ಬಾಗಿಲಿಗೆ ಎಣಿಸಿದೆ,
ಮೂವತ್ತೊಂಬತ್ತು.

ದೂರ ಹೆಚ್ಚಾಗಿದೆ ಮಾರಾಯ ಎಂದೆ.
ಅದು ನಿಮ್ಮ ಮಂಡಿ, ಅಜ್ಜಾ, ಎಂದು ನಕ್ಕ.
ಇರಲಿ.
ಒಂದೆರಡು ಹೆಚ್ಚೇ ಇರಲಿ.