ಮಾದೇಶನ ಕಡತ

ಹೊಸೂರು ಕೋರ್ಟಿನ ಕಡತ ಅತ್ತಿಬೆಲೆ ದಾಟಿ
ಬೆಂಗಳೂರಿನ ನನ್ನ ಮೇಜಿಗೆ ಬರಲು ಏಳು ತಿಂಗಳು.
ಕಡತದೊಳಗಿನ ಮನುಷ್ಯ ಬಂದದ್ದು ಒಂದೇ ಬಸ್ಸಿನಲ್ಲಿ,
ನಿದ್ದೆಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡು.

ಹಾಳೆ ತುಂಬ ತಮಿಳು. ನನಗೆ ಬಾರದು.
‘ನೀನೇ ಓದಪ್ಪ’ ಅಂದೆ.
ನಿಂತೇ ಓದಿದ, ಬೆರಳಿಟ್ಟು,
ಸಾಲುಸಾಲೇ ಕನ್ನಡಕ್ಕೆ ಇಳಿಸುತ್ತ:
ಗೋದಾಮಿನ ಬೀಗ. ಎರಡು ಮೋಟಾರು.
ಕಾವಲುಗಾರನ ಮೊಣಕೈ...

ಅಲ್ಲಿ ತಡೆದ.
ಹಾರಿಸಿ ಮುಂದೆ ಹೋಗಿದ್ದರೆ
ನನಗೆ ತಿಳಿಯುತ್ತಲೇ ಇರಲಿಲ್ಲ.

‘ಮುರೀತು ಅಂತ ಬರೆದವ್ರೆ ಮೇಡಂ.
ಮುರಿದದ್ದು ನಾನು.’

ಮೂರು ವರ್ಷದ ಸನ್ನಡತೆ, ತಿಂಗಳಿಗೊಂದು ಸಹಿ.
ಹೊಸ ರಿಜಿಸ್ಟರಿನಲ್ಲಿ ‘ಮಾದೇಶ’ ಎಂದು ಬರೆದುಕೊಟ್ಟೆ.
ನನ್ನದೇ ಪೆನ್ನು ಕೇಳಿ
ತುದಿಗೊಂದು ‘ನ್’ ಅಂಟಿಸಿ
ಆಮೇಲೆ ಸಹಿ ಹಾಕಿದ.